ಯಾಜಕನ ಹೋರಿ ಮೊದಲು

ಒಂಬತ್ತು ವರ್ಷದಿಂದ ಒಂದು ಚಿಕ್ಕ ಪ್ರಾರ್ಥನಾ ಗುಂಪನ್ನು ನಡೆಸುತ್ತಿದ್ದೇನೆ. ಹನ್ನೆರಡು ಹದಿಮೂರು ಜನ. ವಾರಕ್ಕೊಮ್ಮೆ ಸೇರುತ್ತೇವೆ, ಒಂದು ಅಧ್ಯಾಯ ಓದುತ್ತೇವೆ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸುತ್ತೇವೆ. ಇದನ್ನು ನಾಯಕತ್ವ ಅಂತ ಕರೆಯಲು ನನಗೆ ತುಂಬಾ ದಿನ ಸಂಕೋಚ ಇತ್ತು. ಈಗ ಇಲ್ಲ. ಜನ ತಮ್ಮ ಮನೆಯೊಳಗಿನ ಮಾತನ್ನು ತಂದು ಇಡುವ ಜಾಗ ಎಷ್ಟೇ ಚಿಕ್ಕದಾಗಿರಲಿ, ಅಲ್ಲಿ ಮುಂದೆ ಕೂತವರು ಮಾಡುವ ತಪ್ಪು ಚಿಕ್ಕದಾಗಿ ಉಳಿಯುವುದಿಲ್ಲ. ಇದು ನನಗೆ ಗೊತ್ತಾದದ್ದು ನನ್ನದೇ ತಪ್ಪಿನಿಂದ.

ನಾಲ್ಕು ವರ್ಷದ ಹಿಂದೆ ಗುಂಪಿನ ಒಬ್ಬ ಅಕ್ಕ ತಮ್ಮ ಮದುವೆಯ ಕಷ್ಟವನ್ನು ನನ್ನ ಹತ್ತಿರ ಹೇಳಿಕೊಂಡರು. "ಬ್ರದರ್, ಇದು ನಿಮ್ಮಲ್ಲೇ ಇರಲಿ. ಪ್ರಾರ್ಥನೆ ಮಾಡಿ" ಅಂದರು. ಆಯ್ತಕ್ಕ ಅಂದೆ. ಮುಂದಿನ ವಾರ ಅವರು ಬಂದಿರಲಿಲ್ಲ. ಪ್ರಾರ್ಥನೆಯ ವಿಷಯಗಳನ್ನು ಒಂದೊಂದಾಗಿ ಹೇಳುವಾಗ ನಾನು ಅವರ ಹೆಸರನ್ನೂ ಹೇಳಿದೆ. ಮನೆಯಲ್ಲಿ ಸಮಾಧಾನ ಇಲ್ಲ, ಗಂಡ ಹೆಂಡತಿ ನಡುವೆ ಸರಿ ಇಲ್ಲ, ವಿಶೇಷವಾಗಿ ನೆನಪಿಸಿಕೊಳ್ಳಿ ಅಂದೆ. ಎಲ್ಲರೂ ತಲೆ ಬಗ್ಗಿಸಿದರು. ನಾನು ಗಟ್ಟಿಯಾಗಿ ಪ್ರಾರ್ಥಿಸಿದೆ. ಮೂರನೇ ದಿನಕ್ಕೆ ಆ ಮಾತು ಅವರ ಗಂಡನ ಕಿವಿಗೆ ಬಿತ್ತು. ಆಮೇಲೆ ಆ ಮನೆಯಲ್ಲಿ ಏನಾಯಿತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಹೇಳುವ ಹಕ್ಕು ನನಗಿಲ್ಲ. ಅಕ್ಕ ಗುಂಪಿಗೆ ಬರುವುದನ್ನು ಬಿಟ್ಟರು.

ಫೋನ್ ಮಾಡಿದೆ. ನಾನು ಹೇಳಿದ್ದು ಇಷ್ಟು: "ಅಕ್ಕ, ನಿಮಗೆ ನೋವಾಗಿದ್ದರೆ ಕ್ಷಮಿಸಿ. ನಿಮ್ಮ ಮೇಲಿನ ಕಾಳಜಿಯಿಂದಲೇ ಹೇಳಿದ್ದು. ಯಾರೋ ಹೊರಗೆ ಹೋಗಿ ಮಾತಾಡಿದ್ದಾರೆ, ಅವರು ಹಾಗೆ ಮಾಡಬಾರದಿತ್ತು." ಅವರು ಸರಿ ಬ್ರದರ್ ಅಂದು ಫೋನ್ ಇಟ್ಟರು. ಕ್ಷಮೆ ಕೇಳಿ ಮುಗಿಯಿತು ಅಂದುಕೊಂಡೆ.

ಕೆಲವು ದಿನ ಬಿಟ್ಟು ನಮ್ಮ ಸಭೆಯ, ಅಂದರೆ ಚರ್ಚಿನ, ಹಿರಿಯರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಫೋನಿನಲ್ಲಿ ಏನು ಹೇಳಿದೆಯೋ ಅದನ್ನೇ ಇನ್ನೊಮ್ಮೆ ಹೇಳು ಅಂದರು. ಹೇಳಿದೆ. "ಇದರಲ್ಲಿ ನೀನು ಮಾಡಿದ್ದು ಏನು ಅಂತ ಎಲ್ಲಿ ಬಂತಪ್ಪ?" ಅಂದರು. ಎಲ್ಲೂ ಬಂದಿರಲಿಲ್ಲ. ಬೈಬಲಿನಲ್ಲಿ ಒಂದನೇ ಸಮುವೇಲ 15 ಓದು ಅಂತ ಹೇಳಿ ಕಳಿಸಿದರು.

ಆ ಅಧ್ಯಾಯವನ್ನು ಎಷ್ಟೋ ಸಲ ಓದಿದ್ದೆ, ಬೋಧಿಸಿಯೂ ಇದ್ದೆ. ಪೂರ್ತಿ ನಾಶಮಾಡು ಅಂತ ದೇವರು ಹೇಳಿದ್ದ ಅಮಾಲೇಕ್ಯರ ದನಕುರಿಗಳಲ್ಲಿ ಚೆನ್ನಾಗಿರುವುದನ್ನೆಲ್ಲ ಉಳಿಸಿಕೊಂಡು ಬಂದ ರಾಜ ಸೌಲ, ಪ್ರವಾದಿ ಸಮುವೇಲನನ್ನು ಕಂಡ ಕೂಡಲೇ ದೇವರ ಅಪ್ಪಣೆ ನೆರವೇರಿಸಿದ್ದೇನೆ ಅನ್ನುತ್ತಾನೆ. ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗು ಏನು ಅಂತ ಸಮುವೇಲ ಕೇಳುತ್ತಾನೆ. ಸೌಲ ಕೊಡುವ ಉತ್ತರ ನೋಡಿ: ಜನರು ಉಳಿಸಿದರು, ಅದೂ ನಿನ್ನ ದೇವರಿಗೆ ಯಜ್ಞ ಮಾಡುವುದಕ್ಕೆ. ತಪ್ಪು ಜನರದ್ದು, ಉದ್ದೇಶ ಭಕ್ತಿಯದ್ದು. ನಾನು ಫೋನಿನಲ್ಲಿ ಆಡಿದ ಎರಡೂ ಮಾತು ಅಲ್ಲಿ ಹಾಗೇ ಇದ್ದವು. ಯಾರೋ ಹೊರಗೆ ಹೋಗಿ ಮಾತಾಡಿದ್ದಾರೆ. ಕಾಳಜಿಯಿಂದಲೇ ಹೇಳಿದ್ದು. ಸಮುವೇಲ ಬಿಡದೆ ಹಿಡಿದಾಗ ಸೌಲ "ಪಾಪ ಮಾಡಿದ್ದೇನೆ" ಅಂತ ಎರಡು ಸಲ ಹೇಳುತ್ತಾನೆ, ನಿಜ. ಆದರೆ ಮೊದಲನೇ ಸಲ ಜನರಿಗೆ ಹೆದರಿದೆ ಅನ್ನುವ ಕಾರಣ ಸೇರಿಸುತ್ತಾನೆ. ಎರಡನೇ ಸಲ, ಆದರೂ ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಅಂತ ಬೇಡುತ್ತಾನೆ. ಅವನಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ಆ ಮರ್ಯಾದೆ.

ಸೌಲನ ನಂತರ ರಾಜನಾದ ದಾವೀದನ ಪಾಪ ಇದಕ್ಕಿಂತ ಎಷ್ಟೋ ಭಯಂಕರ. ತನ್ನ ಸೈನಿಕ ಊರೀಯನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡ, ಆಮೇಲೆ ಅದನ್ನು ಮುಚ್ಚಲು ಊರೀಯನನ್ನೇ ಯುದ್ಧದ ಮುಂದಿನ ಸಾಲಿನಲ್ಲಿ ನಿಲ್ಲಿಸಿ ಸಾಯಿಸಿದ. ಪ್ರವಾದಿ ನಾತಾನ ಬಂದು "ಆ ಮನುಷ್ಯನು ನೀನೇ" ಅಂದಾಗ ದಾವೀದನ ಬಾಯಿಂದ ಬಂದ ಮಾತು ಹೀಬ್ರೂ ಮೂಲದಲ್ಲಿ ಎರಡೇ ಪದ. ಯೆಹೋವನಿಗೆ ವಿರುದ್ಧ ಪಾಪ ಮಾಡಿದ್ದೇನೆ. ಅಲ್ಲಿಗೆ ನಿಲ್ಲಿಸಿದ. ಕಾರಣ ಇಲ್ಲ, ಜೊತೆಗಾರರ ಹೆಸರಿಲ್ಲ, ಬೇಡಿಕೆ ಇಲ್ಲ. ನನಗೆ ಇನ್ನೂ ಆಶ್ಚರ್ಯ ಅನ್ನಿಸುವುದು 51ನೇ ಕೀರ್ತನೆಯ ತಲೆಬರಹ. ದಾವೀದ ಬತ್ಷೆಬೆಯ ಹತ್ತಿರ ಹೋದ ಮೇಲೆ ನಾತಾನ ಬಂದಾಗಿನ ಕೀರ್ತನೆ ಅಂತ ಅಲ್ಲೇ ಬರೆದಿದೆ, ಪ್ರಧಾನ ಗಾಯಕನಿಗೆ ಕೊಟ್ಟದ್ದು ಅಂತಲೂ ಇದೆ. ಅಂದರೆ ರಾಜನ ಅತಿ ಕೆಟ್ಟ ದಿನ ಜನರು ಆರಾಧನೆಯಲ್ಲಿ ಹಾಡುವ ಹಾಡಾಯಿತು. ಸುಮ್ನೆ ಯೋಚಿಸಿ, ಯಾವ ಮುಂದಾಳು ಇದಕ್ಕೆ ಒಪ್ಪುತ್ತಾನೆ?

ಮುಂದಾಳಿನ ತಪ್ಪಿಗೆ ಜಾಸ್ತಿ ತೂಕ ಇದೆ ಅನ್ನುವುದು ಬೈಬಲಿನಲ್ಲಿ ದಾವೀದನಿಗಿಂತ ಹಿಂದೆಯೇ ಇದೆ. ಯಾಜಕಕಾಂಡ 4 ಅನೇಕರು ಬೇಗ ಬೇಗ ಓದಿ ದಾಟುವ ಅಧ್ಯಾಯ. ಆದರೆ ಅಲ್ಲಿರುವ ಲೆಕ್ಕ ಗಮನಿಸಿ. ಸಾಮಾನ್ಯ ಮನುಷ್ಯ ತಿಳಿಯದೆ ಪಾಪ ಮಾಡಿದರೆ ಒಂದು ಹೆಣ್ಣು ಮೇಕೆ ಅಥವಾ ಹೆಣ್ಣು ಕುರಿ ತರಬೇಕು. ಅಧಿಕಾರಿ ಮಾಡಿದರೆ ಒಂದು ಹೋತ. ಅಭಿಷೇಕ ಹೊಂದಿದ ಯಾಜಕ ಮಾಡಿದರೆ ಒಂದು ಹೋರಿ. ಇಡೀ ಸಮುದಾಯ ಸೇರಿ ತಪ್ಪಿದರೆ ಏನು ತರಬೇಕೋ ಅದನ್ನೇ ಆ ಒಬ್ಬ ಯಾಜಕ ತರಬೇಕು. ಅವನ ಪಾಪದಿಂದ ಜನರ ಮೇಲೂ ದೋಷ ಬರುತ್ತದೆ ಅಂತ ಅಲ್ಲೇ ಹೇಳಿದೆ. ಇನ್ನು 16ನೇ ಅಧ್ಯಾಯ, ದೋಷಪರಿಹಾರದ ದಿನ. ಮಹಾಯಾಜಕ ಆರೋನ ಜನರ ಪಾಪಕ್ಕಾಗಿ ಹೋತವನ್ನು ಅರ್ಪಿಸುವ ಮೊದಲು ತನಗಾಗಿ, ತನ್ನ ಮನೆಯವರಿಗಾಗಿ ಹೋರಿ ಅರ್ಪಿಸಬೇಕು. ಎಲ್ಲರ ಕಣ್ಣೆದುರು, ವರ್ಷವರ್ಷ. ಮಹಾಯಾಜಕನೇ ಮೊದಲು ಪಾಪಿಯಾಗಿ ನಿಲ್ಲದಿದ್ದರೆ ಆ ದಿನದ ಕೆಲಸ ಮುಂದೆ ಸಾಗುವುದೇ ಇಲ್ಲ. ನಮ್ಮ ಎಷ್ಟೋ ಸಭೆಗಳಲ್ಲಿ ಇದು ಉಲ್ಟಾ ಆಗಿದೆ. ಬೋಧಿಸುವವರು ಜನರ ಪಾಪದ ಬಗ್ಗೆ ಮಾತಾಡುತ್ತಾರೆ, ತಮ್ಮದು ಬಂದರೆ "ನಾನೂ ಮನುಷ್ಯನೇ ಅಲ್ವಾ" ಅನ್ನುವ ಒಂದು ಮಾತಿಗೆ ಮುಗಿಯುತ್ತದೆ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ, ಅದರಲ್ಲಿ ಅರಿಕೆ, ಅಂದರೆ ಮಾಡಿದ ತಪ್ಪನ್ನು ಒಪ್ಪಿ ಹೇಳುವುದು, ಏನೂ ಇಲ್ಲ.

ಯಾಕೆ ಬಾಯಿ ಬರುವುದಿಲ್ಲ? ನನ್ನದನ್ನೇ ಹೇಳುತ್ತೇನೆ. ಆ ಫೋನ್ ಹಿಡಿದಿದ್ದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಭಯ: ನಾನು ನಂಬಿಕೆಗೆ ಯೋಗ್ಯನಲ್ಲ ಅಂತ ಇವರಿಗೆ ಅನ್ನಿಸಿದರೆ ಗುಂಪು ಒಡೆದು ಹೋಗುತ್ತದೆ. ದೇವರ ಕೆಲಸ ಹಾಳಾಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಆ ಭಯದ ಒಳಗೆ ಇದ್ದ ನಂಬಿಕೆ ಯಾವುದು ಅಂತ ಆಮೇಲೆ ನೋಡಿದರೆ, ಈ ಗುಂಪು ನಿಂತಿರುವುದು ನನ್ನ ಒಳ್ಳೆಯ ಹೆಸರಿನ ಮೇಲೆ ಅನ್ನುವ ನಂಬಿಕೆ. ಕೃಪೆಯಿಂದಲೇ ರಕ್ಷಣೆ ಅಂತ ನಾನು ಪ್ರತಿ ವಾರ ಹೇಳುತ್ತಿದ್ದೆ, ನನ್ನ ಸರದಿ ಬಂದಾಗ ಕೃಪೆ ಸಾಲುವುದಿಲ್ಲ ಅಂತ ನಡೆದುಕೊಂಡೆ. ಅರಿಕೆ ಮಾಡದ ಮುಂದಾಳಿಗೆ ನಂಬಿಕೆಯ ಕೊರತೆ ಇದೆ ಅಂತ ನಾನು ಹೇಳುವುದು ಈ ಅರ್ಥದಲ್ಲಿ. ಗುಣದ ಕೊರತೆ, ಧೈರ್ಯದ ಕೊರತೆ ಎಲ್ಲ ಆಮೇಲಿನ ಮಾತು.

ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಇದು ಒಂದು ಪದದಲ್ಲೇ ಕಾಣುತ್ತದೆ. ಹೊಮೊಲೊಗೆಯೊ. ಅದೇ ಮಾತನ್ನು ಹೇಳುವುದು, ಒಪ್ಪಿ ಹೇಳುವುದು ಅಂತ ಅದರ ಮೂಲ ಅರ್ಥ. ಯೇಸುವೇ ಕರ್ತನೆಂದು ಬಾಯಿಂದ ಹೇಳಬೇಕು ಅನ್ನುವ ರೋಮಾಪುರದವರಿಗೆ 10:9ರಲ್ಲಿ ಇರುವುದು ಈ ಪದ. ನಮ್ಮ ಪಾಪಗಳನ್ನು ಒಪ್ಪಿಕೊಂಡರೆ ಆತನು ನಂಬಿಗಸ್ತನು ಅನ್ನುವ 1 ಯೋಹಾನ 1:9ರಲ್ಲಿ ಇರುವುದೂ ಇದೇ ಪದ. ದೇವರು ಯೇಸುವಿನ ಬಗ್ಗೆ ಏನು ಹೇಳುತ್ತಾನೋ ಅದನ್ನೇ ನಾನೂ ಹೇಳುವುದು ನಂಬಿಕೆ. ದೇವರು ನನ್ನ ಬಗ್ಗೆ ಏನು ಹೇಳುತ್ತಾನೋ ಅದನ್ನೇ ನಾನೂ ಹೇಳುವುದು ಪಾಪದ ಅರಿಕೆ. ಒಂದನ್ನು ಗಟ್ಟಿಯಾಗಿ ಹೇಳಿ ಇನ್ನೊಂದನ್ನು ನುಂಗಿಕೊಂಡರೆ, ಮೊದಲನೆಯದು ಎಷ್ಟು ನಿಜ ಅಂತ ಕೇಳಬೇಕಾಗುತ್ತದೆ.

ಯೇಸುವಿನ ಶಿಷ್ಯ ಪೇತ್ರನಲ್ಲಿ ಎರಡೂ ಇವೆ. ನೀನು ಕ್ರಿಸ್ತನು, ಜೀವಸ್ವರೂಪನಾದ ದೇವರ ಕುಮಾರನು ಅಂತ ಹೇಳಿದವನೂ ಅವನೇ, ಆ ಮನುಷ್ಯನನ್ನು ನಾನರಿಯೆ ಅಂದವನೂ ಅವನೇ. ಯೇಸುವನ್ನು ಹಿಡಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಅವನು ಮೂರು ಸಲ ಯೇಸುವನ್ನು ಅಲ್ಲಗಳೆದದ್ದು ನಾಲ್ಕೂ ಸುವಾರ್ತೆಗಳಲ್ಲಿ ಇದೆ. ಮಾರ್ಕ ಬರೆದದ್ದು ಪೇತ್ರನ ಬೋಧನೆಯನ್ನು ಅನ್ನುವುದು ಆದಿಸಭೆಯ ಕಾಲದಿಂದ ಬಂದ ಮಾತು. ಹಾಗಿದ್ದರೆ ಆ ಅಂಗಳದ ಕಥೆ, ಆ ಕೋಳಿ ಕೂಗಿದ ಕಥೆ ಸಭೆಗೆ ತಲುಪಿದ್ದು ಪೇತ್ರನ ಬಾಯಿಂದಲೇ. ಯೋಹಾನನ ಸುವಾರ್ತೆಯಲ್ಲಿ ಇನ್ನೊಂದು ಚಿಕ್ಕ ಸಂಗತಿ ಇದೆ. ಪೇತ್ರ ಅಲ್ಲಗಳೆದದ್ದು ಇದ್ದಲಿನ ಬೆಂಕಿಯ ಹತ್ತಿರ ಚಳಿ ಕಾಯಿಸಿಕೊಳ್ಳುವಾಗ. ಪುನರುತ್ಥಾನವಾದ ಯೇಸು ದಡದಲ್ಲಿ ಅವನಿಗಾಗಿ ಕಾಯುವುದೂ ಇದ್ದಲಿನ ಬೆಂಕಿ ಹಾಕಿಕೊಂಡು. ಗ್ರೀಕಿನಲ್ಲಿ ಎರಡೂ ಕಡೆ ಒಂದೇ ಪದ, ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಬರದ ಪದ. ಅಲ್ಲಿ ಮೂರು ಸಲ ನನ್ನನ್ನು ಪ್ರೀತಿಸುತ್ತೀಯಾ ಅನ್ನುವ ಪ್ರಶ್ನೆ, ಮೂರು ಸಲ "ನನ್ನ ಕುರಿಗಳನ್ನು ಮೇಯಿಸು". ಕುರಿ ಕಾಯುವ ಕೆಲಸ ಸಿಕ್ಕಿದ್ದು ಆ ಬೆಂಕಿಯ ಪಕ್ಕದಲ್ಲಿ. ಇಷ್ಟಾದ ಮೇಲೂ ಪೇತ್ರ ಅಂತಿಯೋಕ್ಯದಲ್ಲಿ ಜನರಿಗೆ ಹೆದರಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಪಂಕ್ತಿಯಿಂದ ಹಿಂದೆ ಸರಿದ, ಪೌಲ ಎಲ್ಲರ ಎದುರು ಅವನನ್ನು ಆಕ್ಷೇಪಿಸಬೇಕಾಯಿತು. ಒಂದು ಸಲದ ಅರಿಕೆ ಜೀವನಪೂರ್ತಿ ಸಾಕಾಗುವುದಿಲ್ಲ.

ಸಭೆಯ ಇತಿಹಾಸದಲ್ಲಿ ನಾನು ಮತ್ತೆ ಮತ್ತೆ ಹೋಗಿ ನೋಡುವುದು 1934ರಿಂದ 1945ರವರೆಗಿನ ಜರ್ಮನಿಯ ಹನ್ನೊಂದು ವರ್ಷಗಳನ್ನು. 1934ರ ಮೇ ತಿಂಗಳಲ್ಲಿ ಬಾರ್ಮೆನ್ ಅನ್ನುವ ಕಡೆ ಸೇರಿದ ಪ್ರೊಟೆಸ್ಟೆಂಟ್ ಮುಂದಾಳುಗಳು ಒಂದು ಘೋಷಣೆ ಮಾಡಿದರು. ಯೇಸು ಕ್ರಿಸ್ತನೇ ದೇವರ ಏಕೈಕ ವಾಕ್ಯ, ಬೇರೆ ಯಾವ ಒಡೆಯನಿಗೂ ಸಭೆ ಶರಣಾಗುವುದಿಲ್ಲ ಅಂತ. ಹಿಟ್ಲರನ ಆಳ್ವಿಕೆಯಲ್ಲಿ ಅದನ್ನು ಹೇಳಲು ಎಂಥ ಎದೆಗಾರಿಕೆ ಬೇಕಿತ್ತು! ನಂಬಿಕೆಯ ಅರಿಕೆ ಅಂದರೆ ಅದು. ಆದರೆ ಅದರಲ್ಲಿ ಯೆಹೂದ್ಯರಿಗೆ ಆಗುತ್ತಿದ್ದ ಅನ್ಯಾಯದ ಬಗ್ಗೆ ಒಂದು ಮಾತೂ ಇರಲಿಲ್ಲ. ಅದನ್ನು ಹೆಚ್ಚಾಗಿ ಬರೆದವರು ಕಾರ್ಲ್ ಬಾರ್ತ್. ಅವರು 1967ರಲ್ಲಿ, ಮೂವತ್ತಮೂರು ವರ್ಷ ಆದ ಮೇಲೆ, ಅದು ತನ್ನ ತಪ್ಪು ಅಂತ ಒಂದು ಪತ್ರದಲ್ಲಿ ಒಪ್ಪಿಕೊಂಡರು. ಅಷ್ಟು ದೊಡ್ಡ ದೇವಶಾಸ್ತ್ರಿ, ಬದುಕಿನ ಕೊನೆಯ ವರ್ಷಗಳಲ್ಲಿ, ಜಗತ್ತು ಹೊಗಳುವ ತನ್ನ ಕೆಲಸದ ಬಗ್ಗೆಯೇ.

ಯುದ್ಧ ಮುಗಿದ ಮೇಲೆ, 1945ರ ಅಕ್ಟೋಬರಿನಲ್ಲಿ, ಸ್ಟುಟ್‌ಗಾರ್ಟ್‌ನಲ್ಲಿ ಅದೇ ಸಭೆಯ ಹನ್ನೊಂದು ಜನ ಇನ್ನೊಂದು ಅರಿಕೆಗೆ ಸಹಿ ಹಾಕಿದರು. ನಾವು ಇನ್ನೂ ಧೈರ್ಯದಿಂದ ಸಾಕ್ಷಿ ಹೇಳಲಿಲ್ಲ, ಇನ್ನೂ ನಿಷ್ಠೆಯಿಂದ ಪ್ರಾರ್ಥಿಸಲಿಲ್ಲ, ಇನ್ನೂ ಸಂತೋಷದಿಂದ ನಂಬಲಿಲ್ಲ, ಇನ್ನೂ ಉರಿಯುವ ಪ್ರೀತಿ ತೋರಲಿಲ್ಲ ಅಂತ ತಮ್ಮ ಮೇಲೆ ತಾವೇ ದೋಷ ಹೊರಿಸಿಕೊಂಡರು. ಸಹಿ ಹಾಕಿದವರಲ್ಲಿ ಮಾರ್ಟಿನ್ ನೀಮೊಲ್ಲರ್ ಒಬ್ಬರು. ಅವರು 1937ರಿಂದ ಯುದ್ಧ ಮುಗಿಯುವವರೆಗೆ ಸೆರೆಯಲ್ಲೇ ಇದ್ದವರು. ನಾನು ಜೈಲಿನಲ್ಲಿದ್ದೆ, ನನ್ನದೇನು ತಪ್ಪು ಅನ್ನಲು ಯಾರಿಗಾದರೂ ಹಕ್ಕಿದ್ದರೆ ಅವರಿಗಿತ್ತು. ಅವರು ಹೆಂಡತಿಯ ಜೊತೆ ನಾಜಿಗಳ ಸೆರೆ ಶಿಬಿರವಾಗಿದ್ದ ದಾಹೌಗೆ ಹೋದಾಗ ಅಲ್ಲಿನ ಫಲಕದಲ್ಲಿ 1933ರಿಂದ ಅಂತ ಬರೆದಿದ್ದನ್ನು ನೋಡಿದರು. 1937ರಿಂದ ನಾನು ಒಳಗಿದ್ದೆ, ಆದರೆ ಮೊದಲ ನಾಲ್ಕು ವರ್ಷ ಹೊರಗೆ ಆರಾಮಾಗಿದ್ದೆನಲ್ಲ, ಆಗ ಎಲ್ಲಿದ್ದೆ ಅಂತ ದೇವರು ಕೇಳಿದರೆ ಏನು ಹೇಳಲಿ ಅನ್ನುವ ಮಾತನ್ನು ಅವರು ಆಮೇಲೆ ಎಷ್ಟೋ ಕಡೆ ಹೇಳಿಕೊಂಡರು. ಜನರಿಗೆ ಇದು ಇಷ್ಟವಾಗಲಿಲ್ಲ. ಸ್ಟುಟ್‌ಗಾರ್ಟ್ ಅರಿಕೆಯ ಮೇಲೆ ಜರ್ಮನಿಯ ಅನೇಕ ಕ್ರೈಸ್ತರೇ ಸಿಟ್ಟಾದರು. ಆ ಅರಿಕೆಯಲ್ಲೂ ಯೆಹೂದ್ಯರ ಹೆಸರಿಲ್ಲ, ಅದನ್ನೂ ಹೇಳಬೇಕು. ಹೆಸರು ಹಿಡಿದು ಹೇಳುವುದು ಎಷ್ಟು ಕಷ್ಟ ಅಂತ ಅದರಿಂದಲೂ ಗೊತ್ತಾಗುತ್ತದೆ.

ನಮ್ಮ ಕಾಲದ್ದು ಒಂದು ಹೇಳುತ್ತೇನೆ. 2018ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಚಿಲಿ ದೇಶಕ್ಕೆ ಹೋಗಿದ್ದರು. ಅಲ್ಲಿ ಒಬ್ಬ ಪಾದ್ರಿ ಮಕ್ಕಳ ಮೇಲೆ ನಡೆಸಿದ ದೌರ್ಜನ್ಯವನ್ನು ಒಬ್ಬ ಬಿಷಪ್ ಮುಚ್ಚಿಟ್ಟರು ಅನ್ನುವ ಆರೋಪಕ್ಕೆ, ಪುರಾವೆ ಇಲ್ಲ, ಇದೆಲ್ಲ ಅಪಪ್ರಚಾರ ಅಂದುಬಿಟ್ಟರು. ನೊಂದವರಿಗೆ ಅದು ಎರಡನೇ ಏಟು. ಆಮೇಲೆ ತನಿಖೆಗೆ ಜನರನ್ನು ಕಳಿಸಿ, ವರದಿ ಓದಿ, ಏಪ್ರಿಲ್‌ನಲ್ಲಿ ಬಿಷಪರಿಗೆ ಬರೆದ ಪತ್ರದಲ್ಲಿ ಪರಿಸ್ಥಿತಿಯನ್ನು ಅಳೆಯುವುದರಲ್ಲಿ ತಾನು ಗಂಭೀರ ತಪ್ಪು ಮಾಡಿದೆ ಅಂತ ಒಪ್ಪಿಕೊಂಡು ಕ್ಷಮೆ ಕೇಳಿದರು. ಸರಿಯಾದ ಮಾಹಿತಿ ಸಿಗಲಿಲ್ಲ ಅನ್ನುವ ಮಾತೂ ಆ ಪತ್ರದಲ್ಲಿತ್ತು. ಅದು ಇಲ್ಲದಿದ್ದರೆ ಚೆನ್ನಾಗಿತ್ತು ಅಂತ ನನಗೆ ಅನ್ನಿಸುತ್ತದೆ. ಆದರೆ ಅವರು ಪತ್ರಕ್ಕೇ ನಿಲ್ಲಿಸಲಿಲ್ಲ. ನೊಂದವರಲ್ಲಿ ಮೂವರನ್ನು ಕರೆಸಿಕೊಂಡು ಅವರ ಮಾತು ಕೇಳಿದರು. ಮೇ ತಿಂಗಳಲ್ಲಿ ಚಿಲಿಯ ಬಿಷಪರೆಲ್ಲ ರಾಜೀನಾಮೆ ಮುಂದಿಟ್ಟರು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅರಿಕೆಯನ್ನೇ ಆಯುಧ ಮಾಡಿಕೊಂಡವರನ್ನೂ ನಾನು ನೋಡಿದ್ದೇನೆ. ವೇದಿಕೆ ಮೇಲೆ ಅತ್ತು, ದಾವೀದನೂ ಬಿದ್ದನಲ್ಲವೇ ಅಂದು, ಮುಂದಿನ ಭಾನುವಾರ ಅದೇ ಪೀಠದ ಹಿಂದೆ ನಿಲ್ಲುವುದು. ದಾವೀದ ಸಿಂಹಾಸನದಲ್ಲಿ ಉಳಿದ, ನಿಜ. ಅವನು ರಾಜ, ಸಭಾಪಾಲಕನಲ್ಲ. ಸಭೆ ನೋಡಿಕೊಳ್ಳುವವರು ದೋಷಾರೋಪಣೆ ಇಲ್ಲದವರಾಗಿರಬೇಕು ಅಂತ ಪೌಲ ತಿಮೊಥೆಯನಿಗೆ ಬರೆದ ಪತ್ರದಲ್ಲಿ ಬೇರೆಯೇ ಅಳತೆ ಕೊಟ್ಟಿದ್ದಾನೆ. ಹಿರಿಯರ ಮೇಲೆ ದೂರು ಬಂದರೆ ಎರಡು ಮೂರು ಸಾಕ್ಷಿ ಬೇಕು, ಪಾಪದಲ್ಲಿ ನಡೆಯುವವರನ್ನು ಎಲ್ಲರ ಮುಂದೆ ಗದರಿಸಬೇಕು ಅಂತಲೂ ಅದೇ ಪತ್ರದಲ್ಲಿದೆ. ಕ್ಷಮೆ ಸಿಗುವುದು ಬೇರೆ, ಕೆಲಸ ವಾಪಸ್ ಸಿಗುವುದು ಬೇರೆ. ಇನ್ನು ಅಪರಾಧ ಆಗಿದ್ದರೆ, ಅದರಲ್ಲೂ ಮಗುವಿನ ಮೇಲೆ ಆಗಿದ್ದರೆ, ಅದು ಮೊದಲು ಪೊಲೀಸರಿಗೆ ಹೋಗಬೇಕು. ಪ್ರಾರ್ಥನಾ ಕೋಣೆಯಲ್ಲಿ ಅತ್ತು ಮುಗಿಸುವ ವಿಷಯ ಅದಲ್ಲ. ಬೈಬಲಿನ ಅರಣ್ಯಕಾಂಡ 5ರಲ್ಲಿ ಅರಿಕೆಯ ಪಕ್ಕದಲ್ಲೇ ಇನ್ನೊಂದು ಮಾತಿದೆ: ತೆಗೆದುಕೊಂಡದ್ದನ್ನು ಪೂರ್ತಿ ಹಿಂದಕ್ಕೆ ಕೊಟ್ಟು, ಐದನೇ ಒಂದು ಭಾಗ ಹೆಚ್ಚಾಗಿ ಸೇರಿಸಿ, ಯಾರಿಗೆ ತಪ್ಪು ಮಾಡಿದೆಯೋ ಅವರಿಗೇ ಕೊಡಬೇಕು. ಹಣವಾದರೆ ಲೆಕ್ಕ ಸುಲಭ. ಒಬ್ಬರ ಗುಟ್ಟಿಗೆ ಐದನೇ ಒಂದು ಭಾಗ ಸೇರಿಸಿ ಹೇಗೆ ಹಿಂದಕ್ಕೆ ಕೊಡುವುದು? ಈ ಪ್ರಶ್ನೆ ನನ್ನನ್ನು ತುಂಬಾ ದಿನ ಕಾಡಿತು.

ನಾನು ಎರಡನೇ ಸಲ ಅಕ್ಕನ ಹತ್ತಿರ ಹೋದದ್ದು ಮೊದಲ ಫೋನ್ ಆಗಿ ಐದು ತಿಂಗಳ ಮೇಲೆ. ಬರಬಹುದಾ ಅಂತ ಮೊದಲೇ ಕೇಳಿ, ನನ್ನ ಹೆಂಡತಿಯನ್ನು ಕರೆದುಕೊಂಡು ಹೋದೆ. ಹೇಳಬೇಕಾದದ್ದನ್ನು ಬರೆದುಕೊಂಡಿದ್ದೆ. "ನೀವು ಯಾರಿಗೂ ಹೇಳಬೇಡಿ ಅಂದಿರಿ, ನಾನು ಒಪ್ಪಿದೆ, ಆಮೇಲೆ ಹೇಳಿದೆ. ಪ್ರಾರ್ಥನೆ ಅನ್ನುವುದು ನೆಪ. ನಿಮ್ಮ ಮನೆಯ ವಿಷಯ ನನಗೆ ಗೊತ್ತು ಅಂತ ತೋರಿಸಿಕೊಳ್ಳುವ ಆಸೆ ನನ್ನಲ್ಲಿತ್ತು. ಅದರಿಂದ ನಿಮಗೆ ಆದದ್ದಕ್ಕೆ ನಾನೇ ಕಾರಣ." ಅಷ್ಟೇ ಹೇಳಿ ಸುಮ್ಮನಾದೆ. ತೋರಿಸಿಕೊಳ್ಳುವ ಆಸೆ ಅನ್ನುವ ಆ ಮಾತು ಬರೆಯಲು ನನಗೆ ಮೂರು ದಿನ ಹಿಡಿದಿತ್ತು. ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಕ್ಷಮಿಸಿದ್ದೇನೆ ಬ್ರದರ್. ಆದರೆ ಇನ್ನು ನಿಮ್ಮ ಹತ್ತಿರ ಏನನ್ನೂ ಹೇಳಿಕೊಳ್ಳೋಕೆ ನನ್ನಿಂದ ಆಗಲ್ಲ" ಅಂದರು. ಸರಿ ಅಕ್ಕ ಅಂದೆ. ಅವರು ಈಗ ಬೇರೆ ಸಭೆಗೆ ಹೋಗುತ್ತಾರೆ. ಎದುರು ಸಿಕ್ಕರೆ ಮಾತಾಡುತ್ತಾರೆ, ಮಕ್ಕಳ ಓದಿನ ಬಗ್ಗೆ ಕೇಳುತ್ತಾರೆ.

ಗುಂಪಿನ ಮುಂದೆಯೂ ಹೇಳಿದೆ. ಅಕ್ಕನ ವಿಷಯ ಮತ್ತೆ ಎತ್ತಬಾರದು ಅಂತ, ನನ್ನ ಹತ್ತಿರ ನಂಬಿ ಹೇಳಿದ್ದನ್ನು ನಾನು ಇಟ್ಟುಕೊಳ್ಳಲಿಲ್ಲ, ಗುಂಪನ್ನು ನಡೆಸುವುದನ್ನು ಆರು ತಿಂಗಳು ಬೇರೆಯವರಿಗೆ ಬಿಡುತ್ತೇನೆ ಅಂದೆ, ಅಷ್ಟೇ. ಗುಂಪು ಒಡೆಯಲಿಲ್ಲ. ಇಬ್ಬರು ಬಿಟ್ಟು ಹೋದರು. ಉಳಿದವರಲ್ಲಿ ಒಬ್ಬ ಹುಡುಗ, ಎರಡು ವರ್ಷದಿಂದ ಬಾಯಿ ಬಿಡದೆ ಮೂಲೆಯಲ್ಲಿ ಕೂರುತ್ತಿದ್ದವನು, ಅದಾಗಿ ಒಂದು ತಿಂಗಳಿಗೆ ತನ್ನ ಕುಡಿತದ ಬಗ್ಗೆ ಹಿರಿಯರ ಹತ್ತಿರ ಹೋಗಿ ಹೇಳಿಕೊಂಡ. ನನ್ನ ಹತ್ತಿರ ಬರಲಿಲ್ಲ, ಅದು ಸರಿಯೇ.

ಪ್ರಾರ್ಥನಾ ವಿಷಯ ಹೇಳುವಾಗ ಬೇರೆಯವರ ಹೆಸರು ಈಗ ಅವರ ಒಪ್ಪಿಗೆ ಇಲ್ಲದೆ ಬರುವುದಿಲ್ಲ. ಇನ್ನೊಂದು ಬದಲಾವಣೆ ನನಗೇ ಬೇಕಾಗಿತ್ತು. ಕಥೋಲಿಕರಲ್ಲಿ ಪಾದ್ರಿಯೇ ಆಗಲಿ, ಪೋಪರೇ ಆಗಲಿ, ತಮ್ಮ ಪಾಪಕ್ಕೆ ತಾವೇ ಕ್ಷಮಾಪಣೆ ಹೇಳಿಕೊಳ್ಳುವಂತಿಲ್ಲ, ಇನ್ನೊಬ್ಬ ಪಾದ್ರಿಯ ಮುಂದೆ ಮೊಣಕಾಲೂರಲೇಬೇಕು. ನಮ್ಮ ಕಡೆ ನೇರವಾಗಿ ದೇವರಿಗೇ ಹೇಳಿಕೊಳ್ಳಬಹುದು ಅನ್ನುತ್ತೇವೆ, ಅದು ನಿಜ, ಆದರೆ ಮುಂದಾಳುಗಳು ಯಾರಿಗೂ ಏನನ್ನೂ ಹೇಳದೆ ವರ್ಷಗಟ್ಟಲೆ ಇರಲು ಅದೇ ದಾರಿಯಾಗಿದೆ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ ಅಂತ ಯಾಕೋಬ ಬರೆದದ್ದು ನಮಗೂ ಸೇರಿಯೇ ಅಲ್ವಾ. ಜರ್ಮನಿಯ ಸಭಾಪಾಲಕ, ದೇವಶಾಸ್ತ್ರಿ ಬೊನ್‌ಹಾಫರ್ 1935ರಿಂದ ಫಿಂಕೆನ್‌ವಾಲ್ಡೆಯಲ್ಲಿ ಸಭಾಪಾಲಕರಾಗುವವರಿಗೆ ಕಲಿಸುವಾಗ, ಪ್ರಭುಭೋಜನಕ್ಕೆ ಮೊದಲು ಒಬ್ಬರ ಹತ್ತಿರ ಇನ್ನೊಬ್ಬರು ಅರಿಕೆ ಮಾಡಿ ಅಂತ ಹುಡುಗರಿಗೆ ಹೇಳಿದರು. ಹೇಳಿ ಸುಮ್ಮನಾಗದೆ, ತಾವೇ ಒಬ್ಬ ವಿದ್ಯಾರ್ಥಿಯನ್ನು ಕರೆದು ನನ್ನ ಅರಿಕೆ ಕೇಳು ಅಂದರು. ಗುರು ಶಿಷ್ಯನಿಗೆ.

ನಾನು ತಿಂಗಳಿಗೊಮ್ಮೆ ಅದೇ ಹಿರಿಯರ ಮನೆಗೆ ಹೋಗುತ್ತೇನೆ. ಅವರು ಜಾಸ್ತಿ ಮಾತಾಡುವುದಿಲ್ಲ. ಏನು ಮಾಡಿದೆ ಅಂತ ಕೇಳುತ್ತಾರೆ, ನಾನು ಕಾರಣ ಹೇಳಲು ಶುರು ಮಾಡಿದರೆ ಕೈ ಎತ್ತಿ ನಿಲ್ಲಿಸುತ್ತಾರೆ. ಕೊನೆಗೆ 1 ಯೋಹಾನ 1:9 ಗಟ್ಟಿಯಾಗಿ ಓದುತ್ತಾರೆ. ಬಾಯಿಪಾಠ ಇರುವ ವಚನವೇ, ಆದರೂ ಇನ್ನೊಬ್ಬರ ದನಿಯಲ್ಲಿ ಕೇಳಿದಾಗ ಅದು ನನಗೇ ಬರೆದದ್ದು ಅನ್ನಿಸುತ್ತದೆ. ಈ ಶನಿವಾರ ಮತ್ತೆ ಹೋಗಬೇಕು. ಹೋದ ವಾರ ಗುಂಪಿನಲ್ಲಿ ಒಬ್ಬರ ಮೇಲೆ ಅನಗತ್ಯವಾಗಿ ದನಿ ಏರಿಸಿದೆ, ಎಲ್ಲರ ಮುಂದೆ. ಅವರಿಗೆ ಇನ್ನೂ ಹೇಳಿಲ್ಲ. ಹಿರಿಯರ ಮನೆಗೆ ಹೋಗುವ ಮೊದಲು ಅವರ ಮನೆಗೆ ಹೋಗಬೇಕು.